ಚೀಟಿ ಎತ್ತಿದಂತೆ ಸಿಕ್ಕ ಅಡ್ಮಿನ್‌ಗಿರಿ

ಅಡಿಕೆ ಬೆಳೆಗಾರರ ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ನಾನು ಅಡ್ಮಿನ್ ಆದದ್ದು ನಿದ್ದೆಯಲ್ಲಿದ್ದಾಗ. ಗುಂಪು ಕಟ್ಟಿದ ಹಿರಿಯರಿಗೂ ಮಂಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬನಿಗೂ ರಾಶಿ ಇಡಿ ಅಡಿಕೆಯ ಧಾರಣೆ ಬಗ್ಗೆ ರಾತ್ರಿ ಹನ್ನೊಂದರ ಸುಮಾರಿಗೆ ಜಟಾಪಟಿಯಾಗಿ, ಹಿರಿಯರು ಸಿಟ್ಟಿನಲ್ಲಿ ಗುಂಪು ಬಿಟ್ಟು ಹೋದರು. ಇದ್ದದ್ದು ಅವರೊಬ್ಬರೇ ಅಡ್ಮಿನ್. ಹಾಗೆ ಇದ್ದೊಬ್ಬ ಅಡ್ಮಿನ್ ಹೊರಟುಹೋದರೆ ವಾಟ್ಸ್ಆ್ಯಪ್ ಉಳಿದವರಲ್ಲಿ ಯಾರೋ ಒಬ್ಬರನ್ನು ಚೀಟಿ ಎತ್ತಿದಂತೆ ಆರಿಸಿ ಪಟ್ಟ ಕಟ್ಟುತ್ತದೆ. ವಯಸ್ಸೆಷ್ಟು, ತೋಟ ಎಷ್ಟು ಎಕರೆ, ತಾಳ್ಮೆ ಇದೆಯೋ ಇಲ್ಲವೋ, ಏನನ್ನೂ ವಿಚಾರಿಸುವುದಿಲ್ಲ. ಬೆಳಿಗ್ಗೆ ನೋಡಿದರೆ ಇನ್ನೂರಕ್ಕೂ ಮಿಕ್ಕಿ ಜನರಿದ್ದ ಗುಂಪಿನಲ್ಲಿ ನನ್ನ ಹೆಸರಿನ ಮುಂದೆ ‘ಗ್ರೂಪ್ ಅಡ್ಮಿನ್’ ಎಂದಿತ್ತು. “ಏನ್ ಮಾರಾಯ್ರೆ, ರಾತ್ರಿ ಬೆಳಗಾಗೋದ್ರೊಳಗೆ ಗದ್ದುಗೆ ಏರಿಬಿಟ್ರಿ” ಎಂದು ಒಬ್ಬರು ಆಗಲೇ ಬರೆದಾಗಿತ್ತು.

ಆ ಪಟ್ಟದ ಜೊತೆ ಬಂದ ಅಧಿಕಾರ ಬಹಳವೇನೂ ಇರಲಿಲ್ಲ. ಜನರನ್ನು ಸೇರಿಸಬಹುದು, ತೆಗೆಯಬಹುದು, ಬೇಕೆಂದಾಗ ಎಲ್ಲರ ಬಾಯಿಗೆ ಬೀಗ ಹಾಕಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಬಹುದು. ಬೇರೆಯವರ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ ಕೈಗೆ ಬಂದದ್ದು 2022ರಲ್ಲಿ. ಅದೇ ವರ್ಷ ಒಂದು ಗುಂಪಿನಲ್ಲಿ ಇರಬಹುದಾದವರ ಮಿತಿ 256ರಿಂದ 512ಕ್ಕೆ, ಅಲ್ಲಿಂದ 1024ಕ್ಕೆ ಏರಿತು. ಒಂದು ಊರಿನಷ್ಟು ಜನ! ನಮ್ಮ ಗುಂಪೂ ಈಗ ಆರುನೂರು ದಾಟಿದೆ. ಗುಂಡಿಗಳು ಹೆಚ್ಚಾದವು, ಯಾವ ಗುಂಡಿಯನ್ನು ಯಾವಾಗ ಒತ್ತಬಾರದು ಎಂಬುದನ್ನು ಮಾತ್ರ ಯಾವ ಆ್ಯಪೂ ಹೇಳಿಕೊಡಲಿಲ್ಲ. ಅಪಾರ್ಟ್‌ಮೆಂಟಿನ ಗುಂಪು, ಹಳೆಯ ವಿದ್ಯಾರ್ಥಿಗಳ ಗುಂಪು, ದೂರದೇಶದ ಕನ್ನಡ ಕೂಟದ ಗುಂಪು ನಡೆಸುವವರೂ ಹೆಚ್ಚುಕಡಿಮೆ ಇದೇ ಹೊಂಡದಲ್ಲಿ ಬಿದ್ದು ಎದ್ದವರು ಎಂದು ಅವರಿವರ ಬಾಯಲ್ಲಿ ಕೇಳಿ ತಿಳಿದ ಮೇಲೆ ಇದನ್ನು ಬರೆಯುವ ಮನಸ್ಸಾಯಿತು.

ನಮ್ಮ ಕಡೆ ಮದುವೆ ಮನೆಯಲ್ಲಿ ಬಂದವರಿಗೆ ಬೆಲ್ಲ-ನೀರು ಕೊಟ್ಟು ಕೂರಿಸುವವರು ಒಬ್ಬರು, ಉಗ್ರಾಣ ನೋಡಿಕೊಳ್ಳುವವರು ಇನ್ನೊಬ್ಬರು, ಪಂಕ್ತಿಯಲ್ಲಿ ಯಾರ ಎಲೆಗೆ ಏನು ಬೀಳಲಿಲ್ಲ ಎಂದು ನೋಡುವವರು ಮತ್ತೊಬ್ಬರು. ಉಡುಗೊರೆ ಬರೆದಿಟ್ಟುಕೊಳ್ಳುವ ಅಕ್ಷರಸ್ಥ ಬೇರೆಯೇ. ಎಲ್ಲವನ್ನೂ ಒಬ್ಬನೇ ಮೈಮೇಲೆ ಹಾಕಿಕೊಂಡರೆ ಪಾಯಸಕ್ಕೆ ಉಪ್ಪು ಬೀಳುತ್ತದೆ. ಗುಂಪು ನಡೆಸುವುದರಲ್ಲೂ ಬಾಗಿಲು ಕಾಯುವುದು, ಮಾತು ನಡೆಸುವುದು, ಜಗಳ ಬಿಡಿಸುವುದು, ಬರೆದಿಡುವುದು ಎಂದು ಬೇರೆ ಬೇರೆ ಕೆಲಸಗಳಿವೆ. ವಾಟ್ಸ್ಆ್ಯಪ್ ಅಷ್ಟಕ್ಕೂ ಒಂದೇ ಹೆಸರಿಟ್ಟಿದೆ.

ಇವನ್ನು ಬಿಡಿಸಿ ಹಂಚಿಕೊಂಡವರನ್ನು ನೋಡಬೇಕಾದರೆ ವಿಕಿಪೀಡಿಯದ ಒಳಮನೆಗೆ ಹೋಗಬೇಕು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರೆಲ್ಲ ಕೂಡಿ ಮಾತಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಅದಲ್ಲದೆ ಒಂದೊಂದು ಲೇಖನದ ಬೆನ್ನಿಗೂ ಒಂದೊಂದು ಚರ್ಚೆ ಪುಟ. ಬರೆಯುವ, ತಿದ್ದುವ ಹಕ್ಕು ಯಾರಿಗೂ ಉಂಟು. ಪುಟ ಅಳಿಸುವ, ಕಿಡಿಗೇಡಿಗಳನ್ನು ತಡೆಯುವ ಅಧಿಕಾರ ಸಮುದಾಯ ಒಪ್ಪಿದ ನಿರ್ವಾಹಕರಿಗೆ ಮಾತ್ರ. ಎಲ್ಲ ಭಾಷೆಗಳ ವಿಕಿಗಳ ಮೇಲೂ ಕಣ್ಣಿಡಲು ಸ್ಟೀವರ್ಡ್‌ಗಳೆಂಬವರಿದ್ದು, ಅವರ ಆಯ್ಕೆಗೆ ಪ್ರತಿವರ್ಷ ಚುನಾವಣೆ ನಡೆಯುತ್ತದೆ. ಒಬ್ಬನೇ ನಾಲ್ಕು ಹೆಸರಿನಲ್ಲಿ ಬಂದು ತನಗೆ ತಾನೇ ಹೌದಪ್ಪ ಹಾಕುತ್ತಿದ್ದಾನೋ ಎಂದು ತಾಂತ್ರಿಕವಾಗಿ ಪತ್ತೆ ಹಚ್ಚುವ ಅಧಿಕಾರ ಇನ್ನೂ ಬೇರೆ. ಈ ಕೊನೆಯದಕ್ಕಿರುವ ಕಟ್ಟಳೆ ನನಗೆ ಬಹಳ ಹಿಡಿಸಿತು. ಒಂದು ವಿಕಿಯಲ್ಲಿ ಅದನ್ನು ಯಾರಿಗಾದರೂ ಕೊಡುವುದಾದರೆ ಕನಿಷ್ಠ ಇಬ್ಬರಿಗೆ ಕೊಡಬೇಕು, ಆಗದಿದ್ದರೆ ಯಾರಿಗೂ ಕೊಡುವಂತಿಲ್ಲ. ಒಬ್ಬರು ಮಾಡಿದ್ದನ್ನು ನೋಡಲು ಇನ್ನೊಬ್ಬರಿರಲಿ ಎಂಬುದು ಅದರ ಹಿಂದಿನ ಲೆಕ್ಕ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇನ್ನೊಂದು ನಿಯಮವಿದೆ. ತಾನೇ ಒಂದು ಜಗಳದ ಪಕ್ಷವಾಗಿರುವ ನಿರ್ವಾಹಕ ಆ ಜಗಳದಲ್ಲಿ ತನ್ನ ಅಧಿಕಾರ ಬಳಸಬಾರದು. ಬೇರೆ ನಿರ್ವಾಹಕರಿಗೆ ಬಿಡಬೇಕು. ನಮ್ಮ ಹಿರಿಯರು ಎಡವಿದ್ದು ಇಲ್ಲೇ. ಅವರೇ ವಾದಿ, ಅವರೇ ನ್ಯಾಯಾಧೀಶರು. ಹುಡುಗನನ್ನು ತೆಗೆದರೆ ಮಾತಿನಲ್ಲಿ ಸೋತು ಹೊರಗೆ ಹಾಕಿದರು ಎಂದಾಗುತ್ತಿತ್ತು, ಬಿಟ್ಟರೆ ಮಾನದ ಪ್ರಶ್ನೆ. ಬೇರೆ ದಾರಿ ಕಾಣದೆ ತಾವೇ ಎದ್ದು ನಡೆದರು. ಇನ್ನೊಬ್ಬ ಅಡ್ಮಿನ್ ಇದ್ದಿದ್ದರೆ “ಇದನ್ನ ನೀವು ನೋಡ್ಕೊಳ್ಳಿ” ಎಂದು ಒಪ್ಪಿಸಿ ಮಲಗಬಹುದಿತ್ತು.

ಹಾಗಾಗಿ ನಾನು ಮಾಡಿದ ಮೊದಲ ಕೆಲಸ ಇನ್ನಿಬ್ಬರನ್ನು ಅಡ್ಮಿನ್ ಮಾಡಿದ್ದು. ಒಬ್ಬರು ತೋಟವನ್ನೂ ಹೈಸ್ಕೂಲನ್ನೂ ಒಟ್ಟಿಗೆ ನಿಭಾಯಿಸುವ ಟೀಚರಮ್ಮ, ಇನ್ನೊಬ್ಬ ತಾಲ್ಲೂಕಿನ ಆ ತುದಿಯ ಯುವಕ. ಮೂವರದೂ ಬೇರೆ ಊರು, ಬೇರೆ ವಯಸ್ಸು. ಮುಚ್ಚುಮರೆ ಯಾಕೆ, ಬೇರೆ ಜಾತಿ, ಬೇರೆ ಪಕ್ಷ ಎಂಬುದನ್ನೂ ನೋಡಿಯೇ ಆರಿಸಿದ್ದು. ಮೂವರೂ ಒಂದೇ ಕೇರಿಯವರಾದರೆ ಎಷ್ಟು ನ್ಯಾಯವಾಗಿ ನಡೆದುಕೊಂಡರೂ ನಂಬುವವರಿಲ್ಲ. ತಿಂಗಳಿಗೊಬ್ಬರ ಸರದಿ. ಸರದಿಯವರು ನಿಗಾ ಇಡುತ್ತಾರೆ, ಉಳಿದಿಬ್ಬರು ಆ ತಿಂಗಳು ಸಾಮಾನ್ಯ ಸದಸ್ಯರಂತೆ ವಾದ ಮಾಡಬಹುದು.

ಮುಗಿಯದ ಸೆಪ್ಟೆಂಬರ್

ಇಂಟರ್‌ನೆಟ್ ಮನೆಮನೆಗೆ ಬರುವ ಬಹಳ ಮೊದಲೇ, 1980ರಲ್ಲಿ, ಅಮೆರಿಕದ ವಿಶ್ವವಿದ್ಯಾಲಯಗಳ ನಡುವೆ ಯೂಸ್‌ನೆಟ್ ಎಂಬ ಚರ್ಚೆಯ ಜಾಲ ಶುರುವಾಗಿತ್ತು. ಅಲ್ಲಿಯ ಹಳಬರಿಗೆ ಪ್ರತಿ ಸೆಪ್ಟೆಂಬರ್ ಒಂದು ತಲೆನೋವು. ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರು ಬಂದು ಕೇಳಿದ್ದನ್ನೇ ಕೇಳುತ್ತಿದ್ದರು, ಎಲ್ಲಿ ಏನು ಮಾತಾಡಬೇಕೆಂದು ತಿಳಿಯದೆ ಎಲ್ಲೆಂದರಲ್ಲಿ ಬರೆಯುತ್ತಿದ್ದರು. ಸ್ವಲ್ಪ ದಿನ ಹಳಬರನ್ನು ನೋಡಿ ರೀತಿ ಕಲಿಯುತ್ತಿದ್ದರು. 1993ರ ಸುಮಾರಿಗೆ ವಾಣಿಜ್ಯ ಕಂಪನಿಗಳು ತಮ್ಮ ಗಿರಾಕಿಗಳಿಗೆ ಅದೇ ಜಾಲದ ಬಾಗಿಲು ತೆರೆದವು. ಹೊಸಬರು ವರ್ಷವಿಡೀ ಬರತೊಡಗಿದರು. ಕಲಿಸುವವರ ಸಂಖ್ಯೆ ಅಷ್ಟೇ ಉಳಿಯಿತು. ಆ ವರ್ಷದ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಎಂಬುದು ಆ ಕಾಲದವರ ಗೊಣಗಾಟ.

ನಮ್ಮಲ್ಲಿ ಅದು ಬಂದದ್ದೂ ಒಂದು ಸೆಪ್ಟೆಂಬರಿನಲ್ಲೇ. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಶುರುವಾಗಿ ಡೇಟಾ ಬಿಟ್ಟಿ ಸಿಗತೊಡಗಿದ ಮೇಲೆ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಂದ ಮಂಡಿ ಸಾಹುಕಾರರವರೆಗೆ ಎಲ್ಲರೂ ಒಂದೇ ಜಗಲಿಗೆ ಬಂದು ಕೂತರು. ಕಲಿಸಿಕೊಡುವ ಹಳಬರೇ ಇರದಿದ್ದದ್ದು ನಮ್ಮ ವಿಶೇಷ. ಎಲ್ಲರೂ ಒಟ್ಟಿಗೆ ಹೊಸಬರು.

ಹೊಸಬರು ಹೀಗೆ ಬರುತ್ತಲೇ ಇರುವಾಗ ಬಾಗಿಲಲ್ಲಿ ನಿಲ್ಲುವವರ ಕೆಲಸ ಇಷ್ಟೇ: ಬಂದವರನ್ನು ಹೆಸರು ಹಿಡಿದು ಮಾತಾಡಿಸುವುದು, ಯಾವ ಊರು, ಏನು ಬೆಳೆ ಎಂದು ಕೇಳುವುದು, ಇಲ್ಲಿಯ ರೀತಿ ಹೇಳುವುದು. ಸೇರಲು ಬಯಸುವವರನ್ನು ಅಡ್ಮಿನ್ ಒಪ್ಪಿದ ಮೇಲಷ್ಟೇ ಒಳಗೆ ಬಿಡುವ ವ್ಯವಸ್ಥೆ ಈಗ ಆ್ಯಪಿನಲ್ಲೇ ಇದೆ. ದೊಡ್ಡ ಗುಂಪುಗಳು ಅದನ್ನು ಹಾಕಿಕೊಳ್ಳದಿದ್ದರೆ ಸಾಲ ಕೊಡುವ ಆ್ಯಪಿನವರೂ ಷೇರು ಪೇಟೆಯ ‘ಗುರು’ಗಳೂ ಒಂದು ವಾರದಲ್ಲಿ ಮೇಯಲು ಬರುತ್ತಾರೆ. ನಿಯಮಗಳ ವಿಷಯಕ್ಕೆ ಬಂದರೆ, ನಾನು ಮೊದಲು ಬರೆದದ್ದು ಹದಿನೇಳು. ಒಬ್ಬರೂ ಓದಲಿಲ್ಲ. ಈಗ ಗುಂಪಿನ ವಿವರಣೆಯಲ್ಲಿ ನಾಲ್ಕು ಸಾಲು ಇದೆ. ಇಲ್ಲಿ ತೋಟದ ಮಾತು. ಧಾರಣೆ ಹಾಕಿದರೆ ಯಾವ ಮಾರುಕಟ್ಟೆ, ಯಾವ ದಿನ ಎಂದು ಬರೆಯಿರಿ. ಔಷಧಿಯ ಅಳತೆ ಹೇಳುವವರು ಅದು ತಾವು ಹೊಡೆದು ನೋಡಿದ್ದೋ, ಯಾರಿಂದಲೋ ಕೇಳಿದ್ದೋ ತಿಳಿಸಿ. ರಾಜಕೀಯ, ಜಾತಿ, ಧರ್ಮ ಬೇರೆ ಕಡೆ ಇಟ್ಟುಕೊಳ್ಳಿ. ಎರಡನೆಯ ಸಾಲೊಂದೇ ಮೊದಲೇ ಇದ್ದಿದ್ದರೆ ಆ ರಾತ್ರಿಯ ಜಗಳ ಆಗುತ್ತಿರಲಿಲ್ಲ. ಹಿರಿಯರು ಹೇಳಿದ್ದು ಶಿರಸಿಯ ಧಾರಣೆ, ಹುಡುಗ ಹೇಳಿದ್ದು ಶಿವಮೊಗ್ಗದ್ದು.

ಶುಭೋದಯದ ಗುಲಾಬಿ ಹೂವಿನ ಜೊತೆ ಕಾದಾಡಿ ಮಾತ್ರ ನಾನು ಪೂರ್ತಿ ಸೋತೆ. ನಿಷೇಧ ಹಾಕಿದರೆ ಮೂರು ದಿನ ಮುನಿಸು, ನಾಲ್ಕನೆಯ ದಿನ ಮತ್ತೆ ಗುಲಾಬಿ. ಕೊನೆಗೆ ಯುವ ಅಡ್ಮಿನ್ ಒಂದು ಉಪಾಯ ತೆಗೆದ. ಶುಭೋದಯ ಹೇಳುವವರು ಕೆಳಗೆ ತಮ್ಮ ಊರಿನಲ್ಲಿ ಹಿಂದಿನ ದಿನ ಬಿದ್ದ ಮಳೆ ಎಷ್ಟು ಮಿಲಿಮೀಟರ್ ಎಂದು ಬರೆಯಬೇಕು. ಮಲೆನಾಡಿನ ಮನೆಗಳಲ್ಲಿ ಮಳೆ ಅಳೆಯುವವರಿಗೆ ಬರವಿಲ್ಲ. ಈಗ ಗುಲಾಬಿ ಹೂವಿನ ಅಡಿಯಲ್ಲೇ ಇಡೀ ತಾಲ್ಲೂಕಿನ ಮಳೆ ಲೆಕ್ಕ ಸಿಗುತ್ತದೆ.

ಭಾಗವತರ ತಾಳ

ಮಾತು ನಡೆಸಿಕೊಡುವುದು ಹೇಗೆ ಎಂಬುದಕ್ಕೆ ನಮ್ಮಲ್ಲಿ ಬೇರೆ ಪಾಠ ಬೇಡ, ಯಕ್ಷಗಾನದ ತಾಳಮದ್ದಲೆಗೆ ಹೋಗಿ ಕೂತರೆ ಸಾಕು. ವಾಲಿಯೂ ರಾಮನೂ ಎದುರುಬದುರು ಕೂತು ವಾದಕ್ಕೆ ಬಿದ್ದಿರುತ್ತಾರೆ. ಭಾಗವತರು ಆ ವಾದದಲ್ಲಿ ಬಾಯಿ ಹಾಕುವುದಿಲ್ಲ. ಪದ್ಯ ಹೇಳಿ ವಿಷಯ ಕೊಡುತ್ತಾರೆ, ಆಮೇಲೆ ಕೇಳುತ್ತಾ ಕೂರುತ್ತಾರೆ. ಅರ್ಥಧಾರಿ ಹೇಳಿದ್ದನ್ನೇ ಹೇಳತೊಡಗಿದರೋ, ಇನ್ನೊಬ್ಬರಿಗೆ ಎಡೆಯೇ ಕೊಡುತ್ತಿಲ್ಲವೋ, ತಾಳಕ್ಕೆ ಕೈ ಹಾಕಿ ಮುಂದಿನ ಪದ್ಯ ಎತ್ತಿಬಿಡುತ್ತಾರೆ. “ಸಾಕು ಮಾಡಿ” ಎಂದು ಯಾರಿಗೂ ಹೇಳಬೇಕಾಗಿಲ್ಲ, ಯಾರ ಮುಖವೂ ಸಣ್ಣದಾಗುವುದಿಲ್ಲ.

ಗುಂಪಿನಲ್ಲಿ ಈ ‘ಮುಂದಿನ ಪದ್ಯ’ ಎಂದರೆ ಸುಮ್ಮನಿರುವ ಒಬ್ಬರಿಗೆ ಕೇಳಿದ ಒಂದು ನಿಜವಾದ ಪ್ರಶ್ನೆ. ಇಬ್ಬರು ಆಮದು ಸುಂಕದ ಬಗ್ಗೆ ಅರ್ಧ ಗಂಟೆಯಿಂದ ಕಿತ್ತಾಡುತ್ತಿದ್ದಾಗ, “ಘಟ್ಟದ ಕೆಳಗಿನವರು ಯಾರಾದರೂ ಇದ್ದೀರಾ? ನಿಮ್ಮ ಕಡೆ ಎಲೆಚುಕ್ಕಿ ರೋಗ ಈ ಸಲ ಹೇಗಿದೆ, ಫೋಟೊ ಹಾಕ್ತೀರಾ?” ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಇಪ್ಪತ್ತು ಎಲೆಗಳ ಫೋಟೊ ಬಂದು ಬೀಳುತ್ತವೆ. ಸುಂಕ ಅಲ್ಲೇ ಕೊಚ್ಚಿಹೋಗುತ್ತದೆ. “ದಯವಿಟ್ಟು ಎಲ್ಲರೂ ಶಾಂತರಾಗಿ” ಎಂದು ಬರೆದು ಯಾರಾದರೂ ಶಾಂತರಾದದ್ದನ್ನು ನಾನು ಈವರೆಗೆ ಕಂಡಿಲ್ಲ.

ಸುಮ್ಮನಿರುವವರ ಲೆಕ್ಕವೂ ಗೊತ್ತಿರಬೇಕು. ವೆಬ್ ಬಳಕೆಯನ್ನು ಬಹುಕಾಲ ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ 2006ರಲ್ಲಿ ಒಂದು ಅಂದಾಜು ಕೊಟ್ಟರು: ಇಂಥ ಸಮುದಾಯಗಳಲ್ಲಿ ನೂರಕ್ಕೆ 90 ಮಂದಿ ಓದುತ್ತಾರಷ್ಟೇ, 9 ಮಂದಿ ಆಗೀಗ ಬರೆಯುತ್ತಾರೆ, ಹೆಚ್ಚಿನದನ್ನೆಲ್ಲ ಬರೆಯುವುದು ಒಬ್ಬರು. ನಮ್ಮ ಆರುನೂರರಲ್ಲಿ ದಿನವೂ ದನಿ ಕೇಳುವುದು ಏಳೆಂಟು ಜನರದ್ದು. ಓದುವವರನ್ನು ಬರೆಯಿರಿ ಬರೆಯಿರಿ ಎಂದು ಪೀಡಿಸುವುದು ತಪ್ಪು. ಕೇಳಿಸಿಕೊಳ್ಳಲೆಂದೇ ಬಂದವರು ಅವರು. ಆದರೆ ಬಾಯಿ ಬಿಡಲಾಗದೆ ಸುಮ್ಮನಿರುವವರು ಬೇರೆ. ನಮ್ಮಲ್ಲಿ ನಲವತ್ತರಷ್ಟು ಹೆಂಗಸರಿದ್ದರೂ ಎರಡು ವರ್ಷ ಒಬ್ಬರ ಸದ್ದೂ ಇರಲಿಲ್ಲ. ಟೀಚರಮ್ಮ ಕೆಲವರಿಗೆ ಫೋನ್ ಮಾಡಿದರು. “ಯಜಮಾನ್ರೂ ಅದೇ ಗ್ರೂಪಲ್ಲಿದ್ದಾರಲ್ಲ, ನಾನೆಂತ ಹೇಳುದು” ಎಂಬ ಉತ್ತರ ಬಂತು. ಆಮೇಲೆ ಟೀಚರಮ್ಮ ಗುಂಪಿನಲ್ಲಿ ಧಾರಣೆ, ಔಷಧಿ ಬಿಟ್ಟು ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸದ ಪ್ರಶ್ನೆ ಎತ್ತತೊಡಗಿದರು. ಒಳ್ಳೆ ಬಣ್ಣ ಬರುವಂತೆ ಬೇಯಿಸುವುದು ಎಷ್ಟು ಹೊತ್ತು, ಮೋಡ ಕವಿದ ದಿನ ಏನು ಮಾಡುತ್ತೀರಿ ಎಂದು. ಯಜಮಾನರುಗಳಿಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿಂದ ಹೆಂಗಸರ ಮಾತು ಹರಿಯಿತು.

ಗದರುವುದಿದ್ದರೆ ಗುಂಪಿನ ಹೊರಗೆ, ಅದೂ ಬರವಣಿಗೆಯಲ್ಲಲ್ಲ, ಫೋನಿನಲ್ಲಿ. ಬರೆದ ಮಾತಿಗೆ ದನಿ ಇರುವುದಿಲ್ಲ. ಓದುವವರು ತಮ್ಮ ಸಿಟ್ಟಿನ ದನಿಯನ್ನೇ ಅದಕ್ಕೆ ಹಾಕಿಕೊಂಡು ಓದುತ್ತಾರೆ. ಸ್ಕ್ರೀನ್‌ಶಾಟ್ ಆಗಿ ಇನ್ನೊಂದು ಗುಂಪಿಗೆ ಹೋಗುವ ಅಪಾಯ ಬೇರೆ. ನಮ್ಮಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕುತ್ತೇವೆ. ಹತ್ತಕ್ಕೆ ನಿಂತ ಜಗಳ ಬೆಳಿಗ್ಗೆ ಕಾಫಿ ಆದಮೇಲೆ ಮುಂದುವರಿದದ್ದು ಬಹಳ ಕಡಿಮೆ.

ಅಳಿಸುವ ಮೊದಲು

ಮೇ ತಿಂಗಳ ಕೊನೆ ಬಂತೆಂದರೆ ಕೊಳೆರೋಗ ತಡೆಯಲು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ಎಷ್ಟು ಎಂಬ ಪ್ರಶ್ನೆ ಮೂವತ್ತು ಸಲ ಬರುತ್ತದೆ. ಉತ್ತರ ಹಳೆಯದೇ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಬೇರೆ ಬೇರೆಯಾಗಿ ಕರಗಿಸಿ ಬೆರೆಸಿ ಒಟ್ಟು 100 ಲೀಟರ್, ಮುಂಗಾರಿಗೆ ಮುಂಚೆ ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ. ಮೂವತ್ತು ಸಲವೂ ಯಾರಾದರೂ ಉತ್ತರಿಸುತ್ತಾರೆ, ಮೂವತ್ತರಲ್ಲಿ ಒಂದು ತಪ್ಪಿರುತ್ತದೆ. ಒಂದು ವರ್ಷ ಹಾಗೇ ಆಯಿತು. ಸುಣ್ಣ ಅರ್ಧ ಕಿಲೋ ಹಾಕಿದರೆ ಧಾರಾಳ ಎಂದು ಒಬ್ಬರು ವಾಯ್ಸ್ ಮೆಸೇಜ್ ಹಾಕಿದರು. ನಾನು ನೆಟ್‌ವರ್ಕ್ ಇಲ್ಲದ ಊರಿನ ಮದುವೆಯಲ್ಲಿ ಜಿಲೇಬಿ ತಿನ್ನುತ್ತಿದ್ದೆ. ಮೂರು ಮನೆಯವರು ಅದೇ ಅಳತೆಯಲ್ಲಿ ಕಲಸಿಬಿಟ್ಟರು. ಸುಣ್ಣ ಸಾಲದಿದ್ದರೆ ಉಳಿದ ತಾಮ್ರ ಎಲೆಯನ್ನೂ ಕಾಯಿಯನ್ನೂ ಸುಡುತ್ತದೆ. ಅವರಲ್ಲೊಬ್ಬರು ಹಳೆಯ ಪದ್ಧತಿಯಂತೆ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡಿದರು. ಅಲಗು ತಾಮ್ರದ ಕೆಂಪಿಗೆ ತಿರುಗಿತು. ಆ ಕತ್ತಿಯ ಫೋಟೊ ಗುಂಪಿಗೆ ಬಂದದ್ದರಿಂದ ತೋಟಗಳು ಉಳಿದವು.

ಫೋನ್ ತೆರೆದವನೇ ನಾನು ಆ ವಾಯ್ಸ್ ಮೆಸೇಜನ್ನು ಅಳಿಸಿದೆ. ಅದು ದುಡುಕು. ಅಳಿಸಿದ್ದರಿಂದ ಇನ್ನೂ ಕೇಳದವರಿಗೆ ಅನುಕೂಲವಾಯಿತು ನಿಜ. ಆಗಲೇ ಕೇಳಿದ್ದವರಿಗೆ ಅದು ತಪ್ಪೆಂದು ಗೊತ್ತಾಗುವ ದಾರಿ ಮುಚ್ಚಿತು. ಅವರ ಕಿವಿಯಲ್ಲಿ ಅರ್ಧ ಕಿಲೋ ಹಾಗೇ ಉಳಿಯಿತು. ಈಗ ಬೇರೆ ಕ್ರಮ. ಮಾಹಿತಿ ತಪ್ಪಾಗಿದ್ದರೆ ಅದೇ ಸಂದೇಶಕ್ಕೆ ಉತ್ತರವಾಗಿ ಸರಿಯಾದ ಅಳತೆ, ಅದರ ಮೂಲ ಹಾಕುತ್ತೇವೆ. ಹೇಳಿದವರಿಗೆ ಫೋನ್ ಮಾಡಿ ತಿದ್ದುಪಡಿಯನ್ನು ಅವರಿಂದಲೇ ಹಾಕಿಸಲು ನೋಡುತ್ತೇವೆ. ಅವರ ಮಾನವೂ ಉಳಿಯುತ್ತದೆ, ಕೇಳಿದವರೂ ನಂಬುತ್ತಾರೆ. ಜೀವಕ್ಕೋ ಬೆಳೆಗೋ ಅಪಾಯವಿದ್ದರೆ ಮಾತ್ರ ಅಳಿಸಿ, ಏನನ್ನು ಯಾಕೆ ಅಳಿಸಿದೆವು ಎಂದು ಕೆಳಗೇ ಬರೆಯುತ್ತೇವೆ. ಸರಿಯಾದ ಉತ್ತರವನ್ನು ಪಿನ್ ಮಾಡಿ ಇಡಬಹುದು: 24 ಗಂಟೆ, 7 ದಿನ ಅಥವಾ 30 ದಿನ. ಬೋರ್ಡೋಗೆ 30 ದಿನ ಬೇಕೇ ಬೇಕು. ಇದೆಲ್ಲ ಬರೆದಿಡುವ ಗುಮಾಸ್ತನ ಕೆಲಸ, ಯಾರೂ ಮೆಚ್ಚದ ಕೆಲಸ. ನನ್ನನ್ನು ಕೇಳಿದರೆ ಗುಂಪು ಉಳಿಯುವುದು ಇದೊಂದರಿಂದಲೇ.

ಅಳಿಸಲೇಬೇಕಾದದ್ದೂ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸ್ಆ್ಯಪಿನಲ್ಲಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಪೊಲೀಸರು ಬಂಧಿಸಿದವರಲ್ಲಿ ಒಂದು ಗುಂಪಿನ ಅಡ್ಮಿನ್ ಕೂಡ ಇದ್ದ. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂದು ಮಿತಿ ಹಾಕಿತು. ಹಲವು ಸಲ ಕೈದಾಟಿ ಬಂದದ್ದಕ್ಕೆ ಈಗ ಜೋಡಿ ಬಾಣದ ಗುರುತು ಬೀಳುತ್ತದೆ. ಆ ಗುರುತಿರುವ, ಯಾರಾದರೊಬ್ಬರ ಮೇಲೆ ಜನರನ್ನು ಎತ್ತಿಕಟ್ಟುವ ಯಾವುದನ್ನೂ ನಾವು ಚರ್ಚೆಗೆ ಬಿಡುವುದಿಲ್ಲ. ಮೊದಲು ಅಳಿಸುತ್ತೇವೆ, ಆಮೇಲೆ ಹಾಕಿದವರೊಡನೆ ಮಾತಾಡುತ್ತೇವೆ.

“ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗ್ಬೇಕಾ?” ಎಂಬ ಭಯ ಬಹಳ ಜನರಿಗಿದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದ್ದೇನೆಂದರೆ, ಅಡ್ಮಿನ್‌ಗೆ ಇರುವುದು ಸೇರಿಸುವ, ತೆಗೆಯುವ ಅಧಿಕಾರ. ಸದಸ್ಯ ಏನು ಬರೆಯುತ್ತಾನೆಂದು ಮುಂಚೆಯೇ ತಡೆಯುವ ಶಕ್ತಿ ಅವನಿಗಿಲ್ಲ. ಇಬ್ಬರಿಗೂ ಸಮಾನ ಉದ್ದೇಶವೋ ಮೊದಲೇ ಹೂಡಿದ ಸಂಚೋ ಇರದಿದ್ದರೆ ಸದಸ್ಯನ ಅಪರಾಧ ಅಡ್ಮಿನ್ ತಲೆಗೆ ಬರುವುದಿಲ್ಲ. ಕೇರಳ ಹೈಕೋರ್ಟ್ 2022ರಲ್ಲಿ ಇದೇ ದಾರಿಯಲ್ಲಿ ಹೋಗಿ, ಐಟಿ ಕಾಯ್ದೆ ಹೇಳುವ ‘ಮಧ್ಯವರ್ತಿ’ಯೂ ಅಡ್ಮಿನ್ ಅಲ್ಲ ಎಂದಿತು. ತಾನೇ ಹಂಚಿದರೆ, ತಾನೇ ಕುಮ್ಮಕ್ಕು ಕೊಟ್ಟರೆ ಈ ರಕ್ಷಣೆ ಇಲ್ಲ. ಕಾನೂನಿನ ಹೊಣೆ ಇಲ್ಲವೆಂದ ಮಾತ್ರಕ್ಕೆ ಕಣ್ಮುಚ್ಚಿ ಕೂರಬಹುದು ಎಂದೂ ಅಲ್ಲ. ಪೊಲೀಸರು ಮೊದಲು ಫೋನ್ ಮಾಡುವುದು ಅಡ್ಮಿನ್‌ಗೇ.

ಜನರನ್ನು ತೆಗೆಯುವುದು ನಮ್ಮಲ್ಲಿ ಕೊನೆಯ ಮೆಟ್ಟಿಲು. ಮೊದಲು ಫೋನು, ಎರಡನೆಯ ಸಲ ಗುಂಪಿನಲ್ಲೇ ಒಂದು ಸಾಲು, ಮೂರನೆಯ ಸಲ ಒಂದು ತಿಂಗಳು ಹೊರಗೆ. ಮೂವರಲ್ಲಿ ಇಬ್ಬರು ಒಪ್ಪಬೇಕು. ತೆಗೆದವರಿಗೆ ಯಾವ ದಿನ ಮತ್ತೆ ಸೇರಿಸುತ್ತೇವೆಂದು ತಾರೀಕು ಹೇಳಿಯೇ ತೆಗೆಯುತ್ತೇವೆ, ಆ ದಿನ ಮರೆಯದೆ ಸೇರಿಸುತ್ತೇವೆ. ಐದು ವರ್ಷದಲ್ಲಿ ಪೂರ್ತಿ ಹೊರಗೆ ಹೋದವರು ನಾಲ್ವರು, ಅದರಲ್ಲಿ ಮೂವರು ಸಾಲದ ಆ್ಯಪಿನವರು.

ಗುಂಪು ಕಟ್ಟಿದ ಹಿರಿಯರು ಎರಡು ವರ್ಷದ ಹಿಂದೆ ಮರಳಿ ಬಂದರು. ಅಡ್ಮಿನ್ ಆಗ್ತೀರಾ ಎಂದು ಕೇಳಿದ್ದಕ್ಕೆ, “ಬೇಡ, ಅಡ್ಮಿನ್ ಆದ್ರೆ ಜಗಳ ಆಡೂಕಾಗ್ತಿಲ್ಲೆ” ಎಂದರು. ದಿನಾ ಬೆಳಿಗ್ಗೆ ಗುಲಾಬಿಯ ಕೆಳಗೆ ತಪ್ಪದೆ ಮಳೆ ಲೆಕ್ಕ ಹಾಕುತ್ತಾರೆ. ಚಾಲಿ ಅಡಿಕೆಯ ಧಾರಣೆ ವಿಷಯದಲ್ಲಿ ಅದೇ ಮಂಡಿ ಹುಡುಗನ ಜೊತೆ ನಿನ್ನೆಯಿಂದ ಮತ್ತೆ ಜಗಳ ಶುರುವಾಗಿದೆ. ಈ ತಿಂಗಳ ಸರದಿ ಟೀಚರಮ್ಮನದು.